ಮೂಲೆಯ ಎಲೆ

ಹಬ್ಬದ ಅಡುಗೆಯಲ್ಲಿ ನನಗೆ ಇವತ್ತಿಗೂ ಕಿರಿಕಿರಿ ತರುವ ಸಂಗತಿ ಒಂದೇ. ಎಡೆ ಇಡುವ ತನಕ ಯಾವುದನ್ನೂ ನಾಲಿಗೆಗೆ ತಾಕಿಸುವಂತಿಲ್ಲ. ಉಳಿದ ದಿನ ಸಾರು ಕುದಿಯುವಾಗ ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೋಡಿಬಿಡುತ್ತೇವೆ. ಅದು ಎಷ್ಟು ರೂಢಿಯೆಂದರೆ ಮನಸ್ಸಿಗೆ ಗೊತ್ತಾಗುವ ಮೊದಲೇ ಕೈ ಬಾಯಿಗೆ ಹೋಗಿರುತ್ತದೆ. ಹಬ್ಬದ ದಿನ ಅದೇ ಕೈ ಅರ್ಧ ದಾರಿಯಲ್ಲಿ ನಿಲ್ಲಬೇಕು. ಅವತ್ತು ಪಾತ್ರೆ ದಿನದ್ದಲ್ಲ, ಅಟ್ಟದಿಂದ ಇಳಿಸಿದ್ದು. ಅಳತೆಯೂ ದಿನದ್ದಲ್ಲ. ಉಣ್ಣುವವರು ಮನೆಯವರಷ್ಟೇ ಅಲ್ಲ, ನೆಂಟರು, ಬೀಗರು, ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದಿಳಿದವರು. ಯಾವತ್ತು ರುಚಿ ನೋಡಲೇಬೇಕೋ ಅವತ್ತೇ ನೋಡಬಾರದು.

ನನ್ನ ತವರು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಮನೆಯ ಚಿಕ್ಕ ಮಗುವನ್ನು ಒಲೆಯ ಹತ್ತಿರ ಕರೆಯುವುದು. ಅಜ್ಜಿ ಸೌಟನ್ನು ಊದಿ ಆರಿಸಿ, ನನ್ನ ಅಂಗೈಗೆ ಒಂದು ತೊಟ್ಟು ಬಿಟ್ಟು, “ನೋಡು ಮಗ, ಉಪ್ಪು ಐತಾ?” ಅನ್ನುತ್ತಿದ್ದಳು. ಯಾರಾದರೂ ಹುಬ್ಬೇರಿಸಿದರೆ “ಮಕ್ಕಳ ಎಂಜಲು ಎಂಜಲಲ್ಲ ಕಣವ್ವ” ಅಂತ ಅಲ್ಲಿಗೇ ಮಾತು ಮುಗಿಸುತ್ತಿದ್ದಳು. ಆ ಒಂದು ತೊಟ್ಟಿನ ಮೇಲೆ ಇಡೀ ಮನೆಯ ಊಟ ನಿಂತಿದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಕಣ್ಣು ಮುಚ್ಚಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಒಂದು ಗಳಿಗೆ ತಡೆದು “ವಸಿ ಬೇಕು” ಅನ್ನುತ್ತಿದ್ದೆ. ಅಜ್ಜಿ ಮರುಮಾತಿಲ್ಲದೆ ಉಪ್ಪಿನ ಗಡಿಗೆಗೆ ಕೈ ಹಾಕುತ್ತಿದ್ದಳು. ತಮ್ಮ ಮಾತು ಕಲಿತ ಮೇಲೆ ಈ ಅಧಿಕಾರ ಅವನ ಪಾಲಾಯಿತು. ಅವನು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಎಲ್ಲದಕ್ಕೂ “ಸಾಕು, ಸಾಕು” ಅನ್ನುತ್ತಿದ್ದದ್ದು, ನಾನು ನಡುಮನೆಯ ಬಾಗಿಲಿಗೊರಗಿ ಅದನ್ನು ನೋಡುತ್ತ ನಿಂತದ್ದು ಈಗಲೂ ಕಣ್ಣ ಮುಂದಿದೆ.

ನಮ್ಮದು ಮಳೆ ನಂಬಿದ ಸೀಮೆ. ಹೊಲದಲ್ಲಿ ರಾಗಿ, ಹುರುಳಿ, ಅವರೆ, ಹುಚ್ಚೆಳ್ಳು. ತಗ್ಗಿನಲ್ಲಿ, ಬಾವಿಯ ಆಸುಪಾಸಿನಲ್ಲಿ ತೆಂಗು. ಬೆಲ್ಲವನ್ನು ಅಂಗಡಿಯಿಂದ ತರಬೇಕು, ಕಾಯಿ ಹಿತ್ತಲಲ್ಲೇ ಬೀಳುತ್ತದೆ. ಹಾಗಾಗಿ ಯುಗಾದಿಗೆ ಅಮ್ಮ ಮಾಡುತ್ತಿದ್ದದ್ದು ಕಾಯಿ ಒಬ್ಬಟ್ಟು. ತೀರ ಬಲಿತದ್ದೂ ಅಲ್ಲದ, ಎಳೆಯದೂ ಅಲ್ಲದ ಕಾಯನ್ನು ಆರಿಸಿ ತುರಿಯುತ್ತಿದ್ದಳು. ಕರಟದ ಕಪ್ಪು ಬಿದ್ದರೆ ಹೂರಣ ಬಣ್ಣಗೆಡುತ್ತದೆಂದು ತುರಿಮಣೆಯ ಮೇಲೆ ಕೂತವಳು ಅತ್ತಿತ್ತ ನೋಡುತ್ತಿರಲಿಲ್ಲ. ಒರಳಿಗೆ ಹಾಕಿ ನೀರು ಸೋಕಿಸದೆ ತಿರುವಿ, ಬೆಲ್ಲದ ಪಾಕಕ್ಕೆ ಬಿಟ್ಟು, ಬಾಣಲೆಯ ತಳ ಬಿಟ್ಟು ಉಂಡೆಯಾಗುವ ತನಕ ಸಣ್ಣ ಉರಿಯಲ್ಲಿ ಮಗುಚುವುದು. ಆಮೇಲೆ ಏಲಕ್ಕಿ, ಹುರಿದ ಗಸಗಸೆ. ಕಣಕವನ್ನು ಹಿಂದಿನ ಜಾವವೇ ಕಲೆಸಿ ಎಣ್ಣೆಯಲ್ಲಿ ಮುಳುಗಿಸಿ ಇಟ್ಟಿರುತ್ತಿದ್ದಳು. ಬಾಳೆ ಎಲೆಯ ಮೇಲೆ ತಟ್ಟಿದ ಒಬ್ಬಟ್ಟನ್ನು ಎಲೆಸಮೇತ ಕಾವಲಿಗೆ ಮಗುಚಿ, ಎಲೆಯನ್ನು ಮೆಲ್ಲಗೆ ಬಿಡಿಸುವಾಗ ಏಳುವ ವಾಸನೆಯಲ್ಲಿ ಅರ್ಧ ಹಬ್ಬ ಇರುತ್ತಿತ್ತು. ಅಮ್ಮ ಬೆಲ್ಲವನ್ನು ಹಿಡಿದು ಹಾಕುತ್ತಿದ್ದಳು. ಕೊರತೆ ಅನ್ನುವುದು ಕಾರಣವಿರಬಹುದು. ನನಗೆ ಮಾತ್ರ ಒಬ್ಬಟ್ಟೆಂದರೆ ಹಾಗೆಯೇ ಇರಬೇಕು, ಕಾಯಿ ಮುಂದು, ಸಿಹಿ ಹಿಂದು.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಮಂಡ್ಯ ಸೀಮೆಯ ಮಕ್ಕಳಿಗೆ ಬೇವು ಬೆಲ್ಲಕ್ಕಿಂತ ಇದೇ ದೊಡ್ಡದು. ನಮ್ಮ ಕೇರಿಯವರು ವರ್ಷವಿಡೀ ಚೀಟಿ ಹಾಕಿ ದುಡ್ಡು ಕೂಡಿಸಿ ಮರಿಗಳನ್ನು ತರುತ್ತಿದ್ದರು. ಬೆಳಕು ಹರಿಯುವ ಹೊತ್ತಿಗೆ ಕಣದಲ್ಲಿ ತೆಂಗಿನ ಗರಿ ಹಾಸಿ, ಅದರ ಮೇಲೆ ಸಾಲಾಗಿ ಗುಡ್ಡೆ. ಈಲಿ ಎಲ್ಲ ಗುಡ್ಡೆಗೂ ಒಂದೊಂದು ತುಂಡು, ಮೂಳೆ ಎಲ್ಲಕ್ಕೂ ಸಮ, ಕೊಬ್ಬು ಎಲ್ಲಕ್ಕೂ ಸಮ. ಇಷ್ಟಾದ ಮೇಲೂ ಯಾವ ಗುಡ್ಡೆ ಯಾರಿಗೆ ಅನ್ನುವ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಒಂದು ಮಗುವನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಿದ್ದರು. ಒಬ್ಬರು ಗುಡ್ಡೆಯ ಮೇಲೆ ಕಡ್ಡಿ ಇಟ್ಟು “ಇದು ಯಾರ್ದು?” ಅನ್ನಬೇಕು, ಮಗು ಯಾರದಾದರೂ ಮನೆಯ ಹೆಸರು ಕೂಗಬೇಕು. ಕೂಗಿದ ಮೇಲೆ ತಕರಾರಿಲ್ಲ. ವರ್ಷವೆಲ್ಲ ಬದುವಿನ ಗೇಣು ಜಾಗಕ್ಕೆ ಜಗಳವಾಡಿದ ಅಣ್ಣತಮ್ಮಂದಿರೂ ಆ ಕೂಗಿಗೆ ತಲೆಬಾಗಿ ತಮ್ಮ ಗುಡ್ಡೆಯನ್ನು ಎತ್ತಿಕೊಂಡು ಹೋಗುತ್ತಿದ್ದರು. ಅವತ್ತು ಏನು ಮಾಡಿದರೆ ವರ್ಷವಿಡೀ ಅದೇ ನಡೆಯುತ್ತದೆ ಅನ್ನುವ ನಂಬಿಕೆಯಿಂದ ಅಮ್ಮ ನಮ್ಮನ್ನು ಬೈಯುತ್ತಿರಲಿಲ್ಲ, ಸಾಲ ಕೇಳಿದವರಿಗೆ ಕೊಡುತ್ತಲೂ ಇರಲಿಲ್ಲ.

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ‘ಮೈಸೂರ ಮಲ್ಲಿಗೆ’ ತಂದಾಗಿನಿಂದ ಅಳಿಯ ಮಾವನ ಮನೆಗೆ ಬರುವ ಸಡಗರ ನಮ್ಮ ಸೀಮೆಯ ಹಾಡಾಗಿಬಿಟ್ಟಿದೆ. ನನ್ನ ಅತ್ತೆಯ ತವರು ಅದೇ ಕಿಕ್ಕೇರಿಯ ಹತ್ತಿರ. ಕ್ಯಾಸೆಟ್ಟಿನಲ್ಲಿ ಆ ಹಾಡುಗಳು ಬಂದ ಕಾಲದಲ್ಲಿ ಅವರು ಕಾಳು ಹಸನು ಮಾಡುತ್ತ ಅವನ್ನು ಗುನುಗುತ್ತಿದ್ದರು. ನನಗೂ ಅವು ಪ್ರಾಣ. ಆದರೆ ಹಬ್ಬಕ್ಕೆ ಬರುವ ಅಳಿಯನಿಗೆ ಮಣೆ ಹಾಕುತ್ತಾರೆ, ಕಾಲಿಗೆ ನೀರು ಕೊಡುತ್ತಾರೆ. ಸೊಸೆ ಹಬ್ಬಕ್ಕೆ ಬರುವವಳಲ್ಲ, ಹಬ್ಬ ಮಾಡುವವಳು. ಅವಳ ಸಡಗರ ಒಲೆಯ ಮುಂದೆ, ಬೇರೆಯವರ ಡಬ್ಬಿಗಳಲ್ಲಿ ಮೆಣಸು ಎಲ್ಲಿದೆ, ಜೀರಿಗೆ ಎಲ್ಲಿದೆ ಎಂದು ಹುಡುಕುವುದರಲ್ಲಿ ಶುರುವಾಗುತ್ತದೆ. ಆ ಸಡಗರವೂ ಹಾಡಿಗೆ ಬರುವಂಥದ್ದೇ ಎಂದು ನಾನು ನಂಬಿದ್ದೇನೆ.

ನನ್ನನ್ನು ಕೊಟ್ಟದ್ದು ಪಾಂಡವಪುರದ ಕಡೆಗೆ. ಮಾವನವರ ಕಾಲದ ಹಿರಿಯರು ಆ ಊರನ್ನು ಹಿರೋಡೆ ಅನ್ನುತ್ತಿದ್ದರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದಕ್ಕೆ ಬ್ರಿಟಿಷರು ಫ್ರೆಂಚ್ ರಾಕ್ಸ್ ಅಂತ ಹೆಸರಿಟ್ಟಿದ್ದರು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಹೆಸರಲ್ಲ, ನೀರು. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ತುಂಬಿ ಹರಿಯುತ್ತದೆ, ಗದ್ದೆಗೆ ತಿರುಗುತ್ತದೆ, ಬೇಸಗೆಯಲ್ಲೂ ಕಬ್ಬು ಹಸಿರಾಗಿರುತ್ತದೆ. ಮೋಡ ನೋಡಿ ಹಬ್ಬದ ಖರ್ಚು ಲೆಕ್ಕ ಹಾಕುವ ಮನೆಯಿಂದ ಬಂದವಳಿಗೆ ಅದೇ ಒಂದು ಬೆರಗು. ಎರಡು ಹೊಲ ದಾಟಿದರೆ ಆಲೆಮನೆ. ಕೊಪ್ಪರಿಗೆಯಿಂದ ಇಳಿಸಿದ ಬಿಸಿ ಬೆಲ್ಲವನ್ನು ಮಕ್ಕಳು ಎಲೆಯಲ್ಲಿ ಹಿಡಿದುಕೊಂಡು ಮನೆಗೆ ಬರುತ್ತಿದ್ದರು. ನನ್ನ ತವರಿನಲ್ಲಿ ಹಬ್ಬಕ್ಕೆಂದು ತೂಗಿ ತರುತ್ತಿದ್ದ ಪದಾರ್ಥ ಇಲ್ಲಿ ಮೂಟೆಯಲ್ಲಿ ಮೂಲೆಗೆ ಒರಗಿತ್ತು. ಹಾಗಾಗಿ ಇಲ್ಲಿನ ಒಬ್ಬಟ್ಟು ಬೇಳೆಯದು, ಕೈ ಬಿಟ್ಟು ಬೆಲ್ಲ ಹಾಕಿದ್ದು. ಮುಟ್ಟಿದರೆ ಬೆರಳಿಗೆ ಹೂರಣ ಹತ್ತುತ್ತದೆ. ಬೇಳೆ ಬಸಿದ ಕಟ್ಟಿನಿಂದ ಮಾಡುವ ಸಾರು ಮೊದಲ ದಿನಕ್ಕಿಂತ ಮಾರನೆಯ ದಿನ, ಮಾರನೆಯ ದಿನಕ್ಕಿಂತ ಅದರ ಮಾರನೆಯ ದಿನ ಚೆನ್ನ. ಆ ಸಾರಿಗೆ ನಾನು ಬಂದ ಹೊಸತರಲ್ಲೇ ಸೋತೆ. ಒಬ್ಬಟ್ಟಿಗೆ ಸೋಲಲು ಬಹಳ ಕಾಲ ಹಿಡಿಯಿತು.

ಮದುವೆಯಾದ ವರ್ಷದ ಯುಗಾದಿ. ಅತ್ತೆ ಹೂರಣ ರುಬ್ಬಲು ಕೂತರು, ಸಾರು ನನ್ನ ಪಾಲಿಗೆ ಬಂತು. ಮನೆಯಲ್ಲಿ ಚಿಕ್ಕ ಮಗು ಇರಲಿಲ್ಲ. ಒಲೆಯ ಮೇಲೆ ಹಂಡೆಯಷ್ಟು ಸಾರು, ಕೈಯಲ್ಲಿ ಉಪ್ಪು, ಕೇಳಲು ಯಾರೂ ಇಲ್ಲ. ಅಮ್ಮ ಹಬೆಗೆ ಮುಖ ಹಿಡಿದು “ಇನ್ನೂ ಸಪ್ಪೆ ವಾಸನೆ ಹೊಡೀತೈತೆ” ಅನ್ನುತ್ತಿದ್ದದ್ದು ನೆನಪಾಯಿತು. ನಾನೂ ಬಗ್ಗಿ ಮುಖ ಹಿಡಿದೆ. ಅತ್ತೆ ರುಬ್ಬುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. “ನಮ್ಮತ್ತೆನೂ ಹಿಂಗೇ ಮಾಡೋರು. ನಂಗೆ ಅದು ಬರಾಕಿಲ್ಲ. ನಾನು ಉಕ್ಕಿನ ಸದ್ದು ಕೇಳ್ತೀನಿ,” ಅಂದರು. ಆಮೇಲೆ ಎದ್ದು ಬಂದು, ಪಾತ್ರೆಯ ಪಕ್ಕ ಕಿವಿಯಿಟ್ಟು, “ಇನ್ನೊಂದು ಚಿಟಿಕೆ” ಅಂದರು. ನಾನು ವಾಸನೆಯಲ್ಲಿ ಹಿಡಿದದ್ದೂ ಅದೇ. ಅವತ್ತಿನಿಂದ ನಮ್ಮಿಬ್ಬರ ನಡುವೆ ಒಂದು ಒಪ್ಪಂದ ಏರ್ಪಟ್ಟಿತು. ಅವರ ಕಿವಿ, ನನ್ನ ಮೂಗು.

ಆ ಮನೆಯ ಪದ್ಧತಿ ಅಂತ ನಾನು ಅಂದುಕೊಂಡಿದ್ದು ಒಂದೊಂದಾಗಿ ಬಿಚ್ಚಿಕೊಳ್ಳತೊಡಗಿದ್ದು ಆಮೇಲೆ. ಸಂಕ್ರಾಂತಿಗೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುವುದು ನಮ್ಮ ಕಡೆಯೂ ಇದೆ, ಇವರ ಕಡೆಯೂ ಇದೆ. ಆದರೆ ಇಲ್ಲಿ ಅವತ್ತು ಅವರೆಕಾಳಿನ ಜೊತೆಗೆ ಹುಚ್ಚೆಳ್ಳಿನ ಚಟ್ನಿ ಆಗಲೇಬೇಕು. ನಾಲೆಯ ಬಯಲಲ್ಲಿ ಹುಚ್ಚೆಳ್ಳು ಎಲ್ಲಿ ಬೆಳೆಯುತ್ತದೆ? ಅದು ಕಿಕ್ಕೇರಿಯ ಕಡೆಯಿಂದ ಅತ್ತೆಯ ಮಡಿಲಲ್ಲಿ ಬಂದದ್ದು. ಸಂಕ್ರಾಂತಿಯ ಸಂಜೆ ಎಷ್ಟು ಕೆಲಸವಿದ್ದರೂ ಒಬ್ಬರಾದರೂ ಶ್ರೀರಂಗಪಟ್ಟಣಕ್ಕೆ ಹೋಗಿ ರಂಗನಾಥನ ಗುಡಿಯ ಲಕ್ಷದೀಪ ನೋಡಿ ಬರಬೇಕು ಅನ್ನುವುದು ಮನೆಯ ಇನ್ನೊಂದು ಕಟ್ಟು. ಅದನ್ನು ತಂದವರು ಅತ್ತೆಯ ಅತ್ತೆ. ನಾನು ಅವರನ್ನು ನೋಡಲಿಲ್ಲ. ಅವರ ತವರು ಶ್ರೀರಂಗಪಟ್ಟಣದ ಹೊಳೆ ದಡ. ದಸರೆ ಮೊದಲು ಶುರುವಾದದ್ದು ತಮ್ಮೂರಲ್ಲಿ, ಮೈಸೂರಿನವರು ಆಮೇಲೆ ಮಾಡಿದ್ದು ಎಂದು ಕೊನೆಯ ತನಕ ಹೇಳುತ್ತಿದ್ದರಂತೆ. ಅವರು ಹೇಳುತ್ತಿದ್ದದ್ದು ನಿಜ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ ಹಬ್ಬ 1799ರ ನಂತರ ರಾಜಧಾನಿಯ ಜೊತೆಗೇ ಮೈಸೂರಿಗೆ ಹೋಯಿತು.

ನನ್ನ ತವರಿಗೂ ಗಂಡನ ಮನೆಗೂ ನಡುವೆ ಮೇಲುಕೋಟೆಯ ಬೆಟ್ಟ. ಚಿಕ್ಕಂದಿನಲ್ಲಿ ಅದು ನಮಗೆ ತೆಂಕಲ ದಿಕ್ಕಿನ ಬೆಟ್ಟ. ಮದುವೆಯಾಗಿ ಬಂದ ಮೇಲೆ ಬಡಗಲ ದಿಕ್ಕಿಗೆ ಹೋಯಿತು. ಹಿತ್ತಲಲ್ಲಿ ಬಟ್ಟೆ ಒಣಗಹಾಕುವಾಗ ಆ ಕಡೆಗೆ ಕಣ್ಣು ಹೋಗುತ್ತಿತ್ತು, ಅದರಾಚೆ ಅಮ್ಮ ಇದ್ದಾಳೆ ಎಂದು. ಎಷ್ಟೋ ವರ್ಷ ಯುಗಾದಿಗೆ ಮುಂಚೆ, ಫಾಲ್ಗುಣದಲ್ಲೇ, ಚೆಲುವನಾರಾಯಣನಿಗೆ ವೈರಮುಡಿ. ಅವತ್ತು ಮಂಡ್ಯದ ಖಜಾನೆಯಿಂದ ಕಿರೀಟದ ಪೆಟ್ಟಿಗೆ ಪೊಲೀಸ್ ಕಾವಲಿನಲ್ಲಿ ಹೊರಟು ಬರುತ್ತದೆ. ದಾರಿಯ ಊರಿನವರು ತಮ್ಮ ತಮ್ಮ ಗಡಿಯಲ್ಲಿ ತೋರಣ ಕಟ್ಟಿ, ಹಣ್ಣುಕಾಯಿ ಹಿಡಿದು ಕಾಯುತ್ತಾರೆ. ನಾವೂ ರಸ್ತೆಗೆ ಹೋಗಿ ಕೈಮುಗಿದು, ಆಮೇಲೆ ಬೆಟ್ಟದ ಬಸ್ಸು ಹತ್ತುತ್ತಿದ್ದೆವು. ಅಮ್ಮ ಆಚೆ ಕಡೆಯಿಂದ ಹತ್ತಿ ಬರುತ್ತಿದ್ದಳು. ರಾತ್ರಿ ಉತ್ಸವ ಹೊರಡುವ ಮುಂಚೆ ಕಲ್ಯಾಣಿಯ ಮೆಟ್ಟಿಲ ಮೇಲೆ ನಮ್ಮ ಭೇಟಿ ಎಂದು ಮಾತಾಗಿತ್ತು. ಅಷ್ಟು ಜನಸಾಗರದಲ್ಲಿ ಅವಳನ್ನು ಹುಡುಕುವುದು ಕಷ್ಟವಾಗುತ್ತಿರಲಿಲ್ಲ, ಪಕ್ಕದಲ್ಲಿ ಒಂದು ಗೋಣಿಚೀಲ ಇರುತ್ತಿತ್ತು. ಅದರ ತುಂಬ ಸುಲಿದ ತೆಂಗಿನಕಾಯಿ. “ಯುಗಾದಿಗೆ ಕಣೆ. ನಿಮ್ಮತ್ತೆ ಬ್ಯಾಡ ಅಂದ್ರೆ ಚಟ್ನಿಗಾದ್ರೂ ಆಯ್ತದೆ,” ಅನ್ನುತ್ತಿದ್ದಳು. ದೇವರು ಬರುವ ಹೊತ್ತಿಗೆ ಅಮ್ಮ, ಅತ್ತೆ, ನಾನು ಒಂದೇ ಸಾಲಿನಲ್ಲಿ ನಿಂತಿರುತ್ತಿದ್ದೆವು, ಚೀಲ ನಮ್ಮ ಕಾಲ ಬಳಿ.

ಅತ್ತೆ ಬ್ಯಾಡ ಅನ್ನಲಿಲ್ಲ. ಬೇಳೆ ಒಬ್ಬಟ್ಟು ಮುಗಿದ ಮೇಲೆ ಉಳಿದ ಕಣಕದಲ್ಲಿ ಒಂದಷ್ಟು ಕಾಯಿಯದು ಮಾಡು ಅಂದರು. ಮೊದಲ ವರ್ಷ ಅವು ಕೊನೆಯ ಪಂಕ್ತಿಗೆ ಹೋದವು. ಕ್ರಮೇಣ ಮಾವನವರು ಊಟಕ್ಕೆ ಕೂತಾಗ “ಕಾಯಿದೈತಾ?” ಎಂದು ಕೇಳತೊಡಗಿದರು. ಅವರು ಹೊಗಳುವ ಜಾತಿಯವರಲ್ಲ, ಕೇಳಿದ್ದೇ ಹೊಗಳಿಕೆ.

ಹಬ್ಬಗಳಲ್ಲೆಲ್ಲ ನನ್ನ ಮನಸ್ಸಿಗೆ ಹತ್ತಿರವಾದದ್ದು ಮಹಾಲಯ ಅಮಾವಾಸ್ಯೆ, ನಮ್ಮ ಮಾತಿನಲ್ಲಿ ಪಕ್ಷ. ಹಿರಿಯರ ಹಬ್ಬ. ಚಿಕ್ಕಂದಿನಲ್ಲಿ ಇದಕ್ಕೆ ಹೆದರುತ್ತಿದ್ದೆ, ಸತ್ತವರು ಊಟಕ್ಕೆ ಬರುತ್ತಾರೆ ಎಂದರೆ ಯಾವ ಮಗು ಹೆದರುವುದಿಲ್ಲ? ಬೆಳಗ್ಗೆ ಗಂಡಸರು ಶ್ರೀರಂಗಪಟ್ಟಣಕ್ಕೆ ಹೋಗಿ ಹೊಳೆಯಲ್ಲಿ ಮುಳುಗಿ ಬರುತ್ತಾರೆ. ಪಶ್ಚಿಮವಾಹಿನಿ, ಸಂಗಮ, ಗೋಸಾಯಿ ಘಾಟ್, ಎಲ್ಲಿ ನೋಡಿದರೂ ಅವತ್ತು ಜನ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನು ಬಿಟ್ಟದ್ದೂ ಪಶ್ಚಿಮವಾಹಿನಿಯಲ್ಲೇ. ನಾಗಮಂಗಲದವರಿರಲಿ, ಕೆ.ಆರ್. ಪೇಟೆಯವರಿರಲಿ, ಪಾಂಡವಪುರದವರಿರಲಿ, ಕಡೆಗೆ ಬರುವುದು ಆ ನೀರಿಗೇ. ನನ್ನ ಅಪ್ಪನ ಬೂದಿಯನ್ನೂ, ಮಾವನವರ ಬೂದಿಯನ್ನೂ ಅಲ್ಲೇ ಬಿಟ್ಟಿದ್ದೇವೆ.

ಮನೆಯಲ್ಲಿ ಅವತ್ತಿನ ಅಡುಗೆಯನ್ನು ಮಗುವಿಗೂ ಮುಟ್ಟಿಸುವಂತಿಲ್ಲ. ಹಿರಿಯರಿಗಿಂತ ಮುಂಚೆ ಯಾರ ನಾಲಿಗೆಗೂ ತಾಕಬಾರದು. ಬಾಡಿನ ಸಾರು, ಮುದ್ದೆ, ಅನ್ನ, ವಡೆ, ಕಜ್ಜಾಯ, ಪಾಯಸ, ಕಾಳಿನ ಪಲ್ಯ ಎಲ್ಲವೂ ವಾಸನೆ ಮತ್ತು ಸದ್ದಿನ ಮೇಲೆಯೇ ಆಗಬೇಕು. ನಡುಮನೆಯಲ್ಲಿ ಕಳಶ ಇಟ್ಟು, ಅದರ ಮುಂದೆ ಹೊಸ ಪಂಚೆ, ಹೊಸ ಸೀರೆ ಮಡಿಸಿಟ್ಟು, ಬಾಳೆ ಎಲೆಗಳನ್ನು ಸಾಲಾಗಿ ಹಾಕುತ್ತೇವೆ. ಒಂದೊಂದು ಎಲೆಯೂ ಒಬ್ಬೊಬ್ಬರದು. ಮಾವನವರ ಅಪ್ಪನ ಎಲೆಗೆ ಎಲೆಅಡಿಕೆಯ ಜೊತೆ ಹೊಗೆಸೊಪ್ಪು. ಅವರ ತಮ್ಮನದಕ್ಕೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಚಿಕ್ಕ ವಯಸ್ಸಿಗೇ ಹೋದ ಒಬ್ಬ ಮೈದುನನ ಎಲೆಯ ಮೇಲೆ ಕಂಬರಕಟ್ಟು, ಈಗ ಅದನ್ನು ಪಾಂಡವಪುರದ ಅಂಗಡಿಗಳಲ್ಲಿ ಹುಡುಕಿ ತರಬೇಕು. ನಾನು ಮುಖ ಕಾಣದ ಈ ಜನರನ್ನೆಲ್ಲ ಅರಿತದ್ದು ಅವರಿಗೆ ಬಡಿಸುತ್ತ. ಯಾರಿಗೆ ಖಾರ ಆಗುತ್ತಿರಲಿಲ್ಲ, ಯಾರು ಮುದ್ದೆಗೆ ತುಪ್ಪ ಬೇಡುತ್ತಿದ್ದರು, ಯಾರು ಅನ್ನಕ್ಕೆ ಮಜ್ಜಿಗೆ ಇಲ್ಲದೆ ಏಳುತ್ತಿರಲಿಲ್ಲ ಎಂದು ಅತ್ತೆ ಎಲೆ ಎಲೆಗೂ ಹೇಳುತ್ತ ಬರುತ್ತಿದ್ದರು. ಯಾವ ಫೋಟೋ ನೋಡಿದರೂ ಇಷ್ಟು ಗೊತ್ತಾಗುತ್ತಿರಲಿಲ್ಲ.

ಎಡೆ ಮುಗಿದ ಮೇಲೆ ದೀಪ ಹಚ್ಚಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇವೆ. ಒಳಗೆ ಹಿರಿಯರು ಉಣ್ಣುವ ಹೊತ್ತು. ಜಗಲಿಯ ಮೇಲೆ ದೊಡ್ಡವರು ಮೆಲುದನಿಯಲ್ಲಿ ಮಾತಾಡುತ್ತಾರೆ, ಮಕ್ಕಳು ಬಾಗಿಲ ಸಂದಿಗೆ ಕಿವಿ ಹಚ್ಚುತ್ತಾರೆ. ಹೊಟ್ಟೆ ಹಸಿದು, ಸಾರಿನ ವಾಸನೆ ಹೊರಗೂ ಬರುತ್ತ, ಆ ಹೊತ್ತು ಸವೆಯುವುದೇ ಇಲ್ಲ. ಕೊನೆಗೆ ಹಿರಿಯರೊಬ್ಬರು ಬಾಗಿಲು ತಟ್ಟಿ, ಒಳಗಿನವರಿಗೆ ಸೂಚನೆ ಕೊಟ್ಟು, ತೆರೆಯುತ್ತಾರೆ. ಮಕ್ಕಳು ಓಡಿ ಹೋಗಿ ವಡೆ ಎಷ್ಟು ಕಮ್ಮಿಯಾಗಿದೆ ಎಂದು ಎಣಿಸುತ್ತಾರೆ.

ಆ ಸಾಲಿನ ಕೊನೆಗೆ, ಒಂದಿಷ್ಟು ಅಂತರ ಬಿಟ್ಟು, ಮೂಲೆಯಲ್ಲಿ ಇನ್ನೊಂದು ಎಲೆ ಇರುತ್ತಿತ್ತು. ಅದರ ಮುಂದೆ ಬಟ್ಟೆ ಇಲ್ಲ, ಹೆಸರಿಲ್ಲ. ಅದಕ್ಕೆ ಬಡಿಸುವುದೂ ವಿಚಿತ್ರವಾಗಿತ್ತು. ಬೇರೆ ಯಾವ ಎಲೆಗೂ ಇಲ್ಲದ ಮೀನಿನ ಸಾರು ಅದಕ್ಕೆ, ಅದೂ ಹೊಳೆ ಮೀನೇ ಆಗಬೇಕು. ಅದರ ಪಕ್ಕದಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ಮರೆತುಹೋದ ಹಿರಿಯರಿಗೆ ಇರಬೇಕು ಅಂದುಕೊಂಡು ನಾನು ಕೇಳಿರಲಿಲ್ಲ, ಎಷ್ಟೋ ಮನೆಗಳಲ್ಲಿ ಹಾಗೆ ಒಂದು ಎಲೆ ಹೆಚ್ಚಿಗೆ ಹಾಕುತ್ತಾರೆ.

ಅಮ್ಮ ಹೋದದ್ದು ಒಂದು ಆಷಾಢದಲ್ಲಿ. ಅದೇ ವರ್ಷದ ಪಕ್ಷ ಬಂತು. ತವರಿನಲ್ಲಿ ತಮ್ಮ ಎಡೆ ಇಡುತ್ತಾನೆ, ಅದು ಅವನ ಹಕ್ಕು, ಅವನ ಕರ್ತವ್ಯ. ನಾನು ಇಲ್ಲಿ ನನ್ನ ಗಂಡನ ಮನೆಯ ಹಿರಿಯರಿಗೆ ವಡೆ ತಟ್ಟಬೇಕು. ಒಂದೇ ದಿನ, ಒಂದೇ ಹೊತ್ತು, ಎರಡು ಕಡೆ ಇರಲಾಗುವುದಿಲ್ಲ. 'ಅಮ್ಮನ ಎಲೆಗೆ ಯಾರು ಏನು ಬಡಿಸಿದರೋ, ಕಾಯಿ ಒಬ್ಬಟ್ಟನ್ನು ತಮ್ಮನ ಹೆಂಡತಿಗೆ ಯಾರು ನೆನಪಿಸಿದರೋ' ಎಂದು ಮನಸ್ಸು ಅಲ್ಲೇ ಇತ್ತು. ಅತ್ತೆ ಎಣ್ಣೆಯ ಬಾಣಲೆಯ ಆಚೆ ಕೂತಿದ್ದವರು ತಲೆಯೆತ್ತದೆ ಕೇಳಿದರು: “ಕಾಯಿ ತುರ್ದಿದ್ದೀಯಾ ಮಗ?”

“ಪಕ್ಷಕ್ಕೆ ಒಬ್ಬಟ್ಟು ಮಾಡಾಕಿಲ್ವಲ್ಲ ಅತ್ತೆ ಇಲ್ಲಿ.”

“ಮೂಲೆ ಎಲೆಗೆ ಇಡು. ಮಾಡು, ಒಂದೆರಡಾದ್ರೂ ಸಾಕು.”

ನಾನು ಸುಮ್ಮನೆ ಅವರ ಮುಖ ನೋಡಿದೆ. ಆಗ ಹೇಳಿದರು. ಅವರ ಅತ್ತೆ, ಶ್ರೀರಂಗಪಟ್ಟಣದವರು, ಮದುವೆಯಾಗಿ ಬಂದ ಮೇಲೆ ಅವರಪ್ಪ ತೀರಿಕೊಂಡರು. ಹೊಳೆಯಲ್ಲಿ ಬಲೆ ಬೀಸಿ ಬದುಕಿದ ಮನುಷ್ಯ. ಬೇರೆ ಗಂಡು ದಿಕ್ಕಿಲ್ಲದ ಮನೆ, ಎಡೆ ಇಡುವವರಿಲ್ಲ. ಆ ಹೆಂಗಸು ಯಾರನ್ನೂ ಕೇಳಲಿಲ್ಲ, ಸಾಲಿನ ಕೊನೆಗೆ ಒಂದು ಎಲೆ ಹಾಕಿ ಮೀನಿನ ಸಾರು ಬಡಿಸಿದರು. ಗಂಡನ ಮನೆಯ ಹಿರಿಯರಿಗೆ ಮೀನು ಆಗದು ಎಂದು ಯಾರೋ ಗೊಣಗಿದ್ದಕ್ಕೆ ಅದನ್ನು ಅಂತರ ಬಿಟ್ಟು ಮೂಲೆಗೆ ಸರಿಸಿದರು. ತೆಗೆಯಲಿಲ್ಲ. ಮುಂದೆ ನನ್ನ ಅತ್ತೆಯ ತಾಯಿ ಹೋದಾಗ ಅವರೇ ಸೊಸೆಯನ್ನು ಕರೆದು, ನಿಮ್ಮವ್ವನಿಗೆ ಏನು ಇಷ್ಟ ಎಂದು ಕೇಳಿದರಂತೆ. ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಹಾಗೆ ಬಂದವು. “ಗಂಡುಸ್ರಿಗೆ ಇದೆಲ್ಲ ಗೊತ್ತಿಲ್ಲ ಕಣವ್ವ. ಮರ್ತೋದೋರ ಎಲೆ ಅಂದ್ಕೊಂಡವ್ರೆ. ಅಂದ್ಕೊಳ್ಲಿ ಬುಡು.”

ನಾನು ಕಾಯಿ ತುರಿದೆ. ಅಮ್ಮನ ಅಳತೆಯಲ್ಲೇ ಬೆಲ್ಲ ಹಾಕಿದೆ, ಮೂಟೆ ಪಕ್ಕದಲ್ಲೇ ಇದ್ದರೂ ಹಿಡಿದು ಹಾಕಿದೆ. ಬಾಗಿಲು ಹಾಕಿಕೊಂಡು ಹೊರಗೆ ಕೂತಾಗ ನನಗೆ ಚಿಕ್ಕಂದಿನ ಹೆದರಿಕೆ ಒಂದಿಷ್ಟೂ ಇರಲಿಲ್ಲ. ಒಳಗೆ ಪಕ್ಕಪಕ್ಕದಲ್ಲಿ ಕೂತಿರುವ ಶ್ರೀರಂಗಪಟ್ಟಣದ ಬೆಸ್ತ ತಾತನನ್ನೂ, ಕಿಕ್ಕೇರಿ ಕಡೆಯ ಅಜ್ಜಿಯನ್ನೂ, ನಾಗಮಂಗಲದ ನಮ್ಮ ಅಮ್ಮನನ್ನೂ ನೆನೆದು, ಒಬ್ಬರೆಲೆಯಿಂದ ಒಬ್ಬರು ಏನು ತೆಗೆದುಕೊಳ್ಳುತ್ತಿರಬಹುದು ಎಂದು ಯೋಚಿಸುತ್ತಿದ್ದೆ. ಅಮ್ಮ ಮೀನು ಮುಟ್ಟಿದವಳಲ್ಲ, ನಮ್ಮ ಕಡೆ ಹೊಳೆಯೇ ಇರಲಿಲ್ಲ.

ಈಗ ತಮ್ಮ ಗೌರಿ ಹಬ್ಬಕ್ಕೆ ಬಾಗಿನ ತರುವಾಗ ಮೊರದ ಜೊತೆ ಕಾಯಿಯ ಚೀಲವನ್ನೂ ತರುತ್ತಾನೆ. ಜಕ್ಕನಹಳ್ಳಿ ಮೇಲೆ ಬರುವ ಬಸ್ಸಿಗೆ ಬಂದು, ಬಾಗಿನ ಕೊಟ್ಟು, ಅರಿಶಿನ ಕುಂಕುಮದ ದುಡ್ಡು ಕೈಗಿಟ್ಟು, ಸಂಜೆಯ ಬಸ್ಸಿಗೆ ಹೊರಡುತ್ತಾನೆ. ಗೌರಿಯಿಂದ ಪಕ್ಷಕ್ಕೆ ಹೆಚ್ಚು ದಿನವಿಲ್ಲ. ಆ ಕಾಯಿ ಎಲ್ಲಿಗೆ ಹೋಗುತ್ತದೆಂದು ಅವನಿಗೆ ಹೇಳಿದ್ದೇನೆ. ಚೀಲದ ಬಾಯಿಗೆ ಅವನು ಅಮ್ಮ ಕಟ್ಟುತ್ತಿದ್ದ ಹಾಗೆಯೇ ಗಂಟು ಹಾಕುತ್ತಾನೆ.

ಈ ಬೇಸಗೆಯಲ್ಲಿ ಮಗನ ಮದುವೆಯಾಯಿತು. ಹುಡುಗಿ ಧಾರವಾಡದ ಕಡೆಯವಳು, ಇಬ್ಬರಿಗೂ ಮೈಸೂರಿನಲ್ಲಿ ಕೆಲಸ. ಅವರ ಮನೆಯಲ್ಲಿ ಬಾಡು, ಮೀನು ಇಲ್ಲ. ನಮ್ಮಲ್ಲಿ ಪಕ್ಷವೆಂದರೆ ಅದಿಲ್ಲದೆ ಆಗದು. ಇದು ಹೇಗೋ ಎಂದು ನಾನೇ ಒಳಗೊಳಗೆ ಲೆಕ್ಕ ಹಾಕುತ್ತಿದ್ದೆ. ಅತ್ತೆಗೆ ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು, ಈಗಲೂ ಸಾರಿನ ಉಪ್ಪು ಅವರ ಕಿವಿಗೇ ಗೊತ್ತಾಗುವುದು. ಮೊನ್ನೆ ಜಗಲಿಯಲ್ಲಿ ಕೂತು ಕೇಳಿದರು: “ಆ ಮಗೀನ ಮನೇಲಿ ಹಿಂದಿನೋರು ಯಾರಾದ್ರೂ ಓಗವ್ರಾ?”

ನಾನು ಫೋನು ಹಚ್ಚಿ ಕೇಳಿದೆ. ಹುಡುಗಿ ಒಂದು ಕ್ಷಣ ಸುಮ್ಮನಿದ್ದು, “ಹೂಂನ್ರಿ ಅತ್ತಿ, ನಮ್ಮ ಆಯಿ ಹೋಗ್ಯಾಳ ಹೋದ ವರ್ಷ. ಆಕೀಗೆ ಶೇಂಗಾ ಹೋಳಿಗಿ ಅಂದ್ರ ಭಾಳ ಸೇರ್ತಿತ್ತು,” ಅಂದಳು. ಆಮೇಲೆ ಆ ಹೋಳಿಗೆ ಮಾಡುವ ಬಗೆ ಹೇಳತೊಡಗಿದವಳು ನಿಲ್ಲಿಸಲೇ ಇಲ್ಲ. ಶೇಂಗಾ ಹದವಾಗಿ ಹುರಿಯಬೇಕು, ಸಿಪ್ಪೆ ಹಾರಿಸಬೇಕು, ಎಳ್ಳು ಇಷ್ಟು, ಬೆಲ್ಲ ಇಷ್ಟು. ನಾನು ಕೇಳಿದ್ದನ್ನೆಲ್ಲ ಜೋರಾಗಿ ಅತ್ತೆಗೆ ಒಪ್ಪಿಸಿದೆ.

“ಕಡ್ಲೆಕಾಯ್ದು ಒಬ್ಬಟ್ಟಾ?” ಅತ್ತೆ ಬೊಚ್ಚು ಬಾಯಲ್ಲಿ ಅದನ್ನು ಒಂದು ಸಲ ಅಗಿದಂತೆ ಮಾಡಿದರು. “ಆಗ್ಲಿ. ಅವ್ಳೇ ಬಂದು ಮಾಡ್ಲಿ, ನಮ್ಗೆ ಅದ್ರ ಹದ ಗೊತ್ತಾಗಾಕಿಲ್ಲ. ಮೀನಿನ್ ಎಲೆಗೆ ಬ್ಯಾಡ, ಆ ಯಮ್ಮ ಉಣ್ಣಾಕಿಲ್ಲ. ಈ ಕಡೆ ಮೂಲೇಲಿ ಇನ್ನೊಂದು ಎಲೆ ಹಾಕು. ಕಡ್ಲೆಬೀಜ ಅಂಗಡೀಲಿ ತರೋವಾಗ ಒಂದು ಬಾಯಿಗೆ ಹಾಕ್ಕೊಂಡು ನೋಡು, ಹಳೇದಾದ್ರೆ ಮುಗ್ಗಲು ಬತ್ತದೆ. ಅಂಗಡೀಲಿ ನೋಡಿದ್ರೆ ಏನೂ ಆಗಾಕಿಲ್ಲ.”